ಬಸವಣ್ಣ ಕುಂತಿದ್ದ ಜಾಗ

ಅಫಜಲಪುರದ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಸಂತೋಷಕುಮಾರನ ಮಾನ ಆ ಭಾನುವಾರ ಅಂಗೈ ಅಗಲದ ಅಂಟಿನಲ್ಲಿ ಸಿಕ್ಕಿಕೊಂಡಿತ್ತು. ಅಂಟು ಇದ್ದದ್ದು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ. ಕಾರು ಪಕ್ಕದ ಮನೆಯ ಸಲಾವುದ್ದೀನ ಚಾಚಾ ಅವರದು. ಚಾಚಾ ಜೇವರ್ಗಿಯ ಮಗಳ ಮನೆಯಿಂದ ಸಂಜೆ ಬಸ್ಸಿಗೆ ವಾಪಸು ಬರುವವರಿದ್ದರು.

ಹಿಂದಿನ ದಿನ ಅವನು ಅವ್ವ ನಿಂಬೆವ್ವನ ಜೊತೆ ಮಣ್ಣೂರಿಗೆ ಕನ್ಯೆ ನೋಡಲು ಹೋಗಿದ್ದ. "ಅವ್ವನ್ನ ಬಸ್ಸಿನ್ಯಾಗ ಯಾಕ ಕರ್ಕೊಂಡ ಹೋಗ್ತಿ, ಕಾರ ಒಯ್ಯಿ" ಎಂದು ಊರಿಗೆ ಹೊರಡುವ ಮುನ್ನ ಚಾಚಾ ತಾವಾಗಿಯೇ ಕೀಲಿ ಕೊಟ್ಟಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಡ್ಯಾಶ್‌ಬೋರ್ಡಿನ ಮೇಲೆ ಮುಸಲ್ಮಾನರು ಶುಭವೆಂದು ಹಚ್ಚುವ ೭೮೬ರ ಸ್ಟಿಕರ್ ಇತ್ತು. ಅದನ್ನು ಕಂಡರೆ ಕಾರು ಎರವಲಿನದು ಎಂದು ಹುಡುಗಿಯ ಮನೆಯವರಿಗೆ ಗೊತ್ತಾಗುತ್ತದಲ್ಲ! ಸಂತೋಷಕುಮಾರ ಒಂದು ಹಿತ್ತಾಳೆ ಬಸವಣ್ಣನನ್ನು ಕೊಂಡು, ಎರಡೂ ಬದಿ ಅಂಟುವ ಟೇಪು ಹಚ್ಚಿ, ಸರಿಯಾಗಿ ಆ ಸ್ಟಿಕರಿನ ಮೇಲೆಯೇ ಕೂರಿಸಿದ.

ಮಣ್ಣೂರಿನಲ್ಲಿ ಹುಡುಗಿಯ ಅಪ್ಪ ಸೈದಪ್ಪನವರು ಕಾರಿನ ಸುತ್ತ ಒಂದು ಸುತ್ತು ಬಂದು ಕೇಳಿದರು:

"ಕಾರ ನಿಮ್ದೇನ್ರಿ?"

"ಹೌದ್ರಿ, ನಂದೇರಿ. ಶೋರೂಮಿನಿಂದ ಹೊಸಾದೇ ತಂದೇನ್ರಿ."

ಪಕ್ಕದಲ್ಲಿದ್ದ ನಿಂಬೆವ್ವ ಕೆಮ್ಮಿದಳು. ಸೈದಪ್ಪನವರು ಮತ್ತೇನೂ ಕೇಳಲಿಲ್ಲ. ಹೊರಡುವಾಗ ಕಾರಿನ ಹಿಂದಿನ ಬಾಗಿಲು ಎಷ್ಟು ಬಡಿದರೂ ಮುಚ್ಚಲಿಲ್ಲ. ಅವರೇ ಬಂದು, ತುಸು ಮೇಲೆತ್ತಿ, ಸಲೀಸಾಗಿ ಹಾಕಿಕೊಟ್ಟರು. ಹುಡುಗಿ ಜಯಮಾಲಾ ಮನೆ ಬಾಗಿಲ ಮರೆಯಲ್ಲಿ ನಿಂತು ನಕ್ಕಳು. ಆ ನಗುವಿನ ಗುಂಗಿನಲ್ಲಿ ಸಂತೋಷಕುಮಾರ ಊರು ಮುಟ್ಟುವವರೆಗೆ ಕಾರನ್ನು ಎರಡನೇ ಗೇರಿನಲ್ಲೇ ಓಡಿಸಿದ.

ಭಾನುವಾರ ಬೆಳಿಗ್ಗೆ ಬಸವಣ್ಣನನ್ನು ಕಿತ್ತರೆ ಬಸವಣ್ಣನ ಜೊತೆ ೭೮೬ ಕೂಡ ಎದ್ದು ಬಂತು. ಕೆಳಗೆ ಉಳಿದದ್ದು ಅಂಟು. ಮೇಲೆ ಬೆಳ್ಳಗೆ ಹಸಿ ಅಂಟು, ಅದರಡಿ ಕರ್ರಗೆ ಕಲ್ಲಾದ ಅಂಟು. ಒಂದೇ ರಾತ್ರಿಯಲ್ಲಿ ಇಷ್ಟು ಹೇಗೆ ಬಲಿಯಿತೋ ಅವನಿಗೆ ತಿಳಿಯಲಿಲ್ಲ. ಉಗುರಿನಿಂದ ಕೆರೆದ. ಉಗುರು ಸವೆಯಿತು, ಅಂಟು ಸವೆಯಲಿಲ್ಲ.

ಎದುರು ಮನೆಯ ಖಾಸೀಂಬಿ ಬಗ್ಗಿ ನೋಡಿದಳು. "ಏನ್ ಮಾಡಾಕತ್ತೀ ಬೇಟಾ? ಗಮ್ಮೇನು? ಚಿಮಣಿ ಎಣ್ಣಿ ಹಚ್ಚು, ಓಡಿ ಹೋಗ್ತೈತಿ."

ಚಿಮಣಿ ಎಣ್ಣೆ ಹಚ್ಚಿದ. ಅಂಟು ಅಲ್ಲೇ ಇತ್ತು. ಓಡಿ ಹೋದದ್ದು ಸೀಟಿನ ಮೇಲೆ ಮಲಗಿದ್ದ ಬೆಕ್ಕು. ಸೀಮೆಎಣ್ಣೆಯ ವಾಸನೆಗೆ ಓಣಿಯ ಜನ ಒಬ್ಬೊಬ್ಬರಾಗಿ ಬಂದು ಸೇರಿದರು.

ಮೊಬೈಲ್ ರಿಪೇರಿಯ ಏಜಾಜ ಥಿನ್ನರಿನ ಬಾಟಲಿ ತಂದ. "ಒಂದ ಸಲ ಒರಸಿದ್ರ ಸಾಕು, ಸಫಾ!"

"ಮಂದಿ ಕಾರಿಗೆ ಹಚ್ಚಬ್ಯಾಡ. ಮೊದಲ ನಿನ್ನ ಬೈಕಿಗೆ ಹಚ್ಚಿ ನೋಡಲೇ" ಎಂದು ನಿಂಬೆವ್ವ ಒಳಗಿನಿಂದಲೇ ಕೂಗಿದಳು.

ಹಚ್ಚಿ ನೋಡಿದ. ಬೈಕಿನ ಕರಿ ಪ್ಲಾಸ್ಟಿಕ್ಕಿನ ಮೇಲೆ ಸುಣ್ಣ ಬಳಿದಂಥ ಕಲೆ ಬಿತ್ತು. ಏಜಾಜ ಬಾಟಲಿ ಮುಚ್ಚಿಕೊಂಡು, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆಂದು ಹೊರಟುಹೋದ.

"ಇಷ್ಟೆಲ್ಲಾ ಯಾಕ? ಬಸವಣ್ಣನ್ನ ಅಲ್ಲಿ ಕುಂಡ್ರಿಸಿದವರು ಯಾರು?" ಎಂದಳು ಖಾಸೀಂಬಿ, ತಳಕ್ಕೆ ೭೮೬ ಅಂಟಿಕೊಂಡಿದ್ದ ಬಸವಣ್ಣನನ್ನು ಎತ್ತಿ ನೋಡುತ್ತ.

ಸಂತೋಷಕುಮಾರ ಓಣಿಯ ಮುಂದೆ ಕಿವಿಯವರೆಗೆ ಕೆಂಪಾದ. ತನಗಾಗಿ ಕೀಲಿ ಕೊಟ್ಟ ಮನುಷ್ಯನ ೭೮೬ ಮುಚ್ಚಿ ಮೆರೆದೆನಲ್ಲ ಎಂದು ಆಗ ಮೊದಲ ಸಲ ನಾಚಿಕೆಯಾಯಿತು, ಬಲು ನಾಚಿಕೆಯಾಯಿತು.

ಕೊನೆಗೆ ನಿಂಬೆವ್ವನೇ ಕೊಬ್ಬರಿ ಎಣ್ಣೆ ಹಿಡಿದು ಬಂದಳು. "ಸುಳ್ಳ ಹೇಳಾಕ ನೀನು, ಒರಸಾಕ ನಿಮ್ಮವ್ವ! ಹಚ್ಚು. ನೆನೀಲಿ. ತಿಕ್ಕಬ್ಯಾಡ."

ನೆನೆದ ಅಂಟು ಹೆಬ್ಬೆರಳಿಗೆ ಶಾವಿಗೆಯಂತೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಮತ್ತೆ ಎಣ್ಣೆ, ಮತ್ತೆ ಹೆಬ್ಬೆರಳು. ಊಟ ಮರೆತು ಕೂತ. ಆಮೇಲೆ ಬಿಸಿನೀರಿಗೆ ಸೋಪು ಹಾಕಿ, ಮೆತ್ತನೆ ಬಟ್ಟೆ ಹಿಂಡಿ ಒರೆಸಿದ. ಗೀರಿಲ್ಲ, ಕಲೆಯಿಲ್ಲ! ಆ ಜಾಗವೊಂದೇ ಫಳಫಳಿಸುತ್ತದೆಂದು ಇಡೀ ಡ್ಯಾಶ್‌ಬೋರ್ಡ್ ಒರೆಸಿದ. ಏಜಾಜನ ಅಂಗಡಿಯಿಂದ ಹೊಸ ೭೮೬ ತಂದು, ಇನ್ನೇನು ಅಂಟಿಸಬೇಕು, ಹಿಂದಿನಿಂದ ಚಾಚಾ ಅವರ ದನಿ ಕೇಳಿತು.

"ಸಂತೋಷ, ನೋಡು ಯಾರ ಬಂದಾರ! ನಿಮ್ಮನಿಗೇ ಬರಾಕತ್ತಿದ್ರು, ಬಸ್‌ಸ್ಟ್ಯಾಂಡಿನ್ಯಾಗ ಸಿಕ್ರು."

ಚಾಚಾ ಪಕ್ಕದಲ್ಲಿ ಸೈದಪ್ಪನವರು ನಿಂತಿದ್ದರು. ಸಂತೋಷಕುಮಾರನ ಕೈಯ ಸ್ಟಿಕರ್ ಅವನ ಹೆಬ್ಬೆರಳಿಗೇ ಅಂಟಿತು.

ಸೈದಪ್ಪನವರು ಯಾರನ್ನೂ ಕೇಳದೆ ಕಾರಿನೊಳಗೆ ಕೂತು ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿದರು. "ಅಲ್ರಿ ಸಲಾವುದ್ದೀನಸಾಬ್ರ, ನಾ ನಿಮಗ ಈ ಕಾರ ಮಾರೂ ಮುಂದ ನಮ್ಮ ಬಸವಣ್ಣನ್ನ ಇಲ್ಲಿಂದ ಕಿತ್ತಿದ್ದೆ. ಆ ಗಮ್ಮು ಹೋಗವಲ್ದಂತ ನಮ್ಮ ಮನಿಯಾಕಿ ತಿಕ್ಕಿ ತಿಕ್ಕಿ ಸಾಕಾಗಿದ್ಲು. ಈಗ ಹ್ಯಾಂಗ ಹೋತು?"

"ಅದನ್ನ ಮುಚ್ಚಾಕಂತನ ನಾ ೭೮೬ ಹಚ್ಚಿದ್ದೆರಿ" ಎಂದರು ಚಾಚಾ ಬೆರಗಾಗಿ.

ಸಂತೋಷಕುಮಾರನಿಗೆ ಆ ಹಿಂದಿನ ಬಾಗಿಲು ನೆನಪಾಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ನಮ್ಮ ಓಣಿಗೆ ತಿರುಗಿದ ಕೂಡ್ಲೇ ನನ್ನ ಕಾರ ನನಗ ಗೊತ್ತಾತಪ್ಪ" ಎಂದರು ಸೈದಪ್ಪನವರು ತಣ್ಣಗೆ. "ಚಾ ಮುಗಿಯೂತನಕ ಖರೇ ಹೇಳ್ತಿ ಅಂತ ನೋಡಿದ್ವಿ. ನೀ ಹೇಳಲಿಲ್ಲ. ಹುಡುಗ ಚಲೋ ಅದಾನ, ಆದ್ರ ಬರೂ ಭಾನುವಾರ ಬಸ್ಸಿನ್ಯಾಗ ಬಂದು, ನಿನ್ನಿ ಕಾರ ನೋಡಿದ ಅಷ್ಟೂ ಮಂದಿ ಮುಂದ ಖರೇ ಹೇಳ್ಲಿ, ಆಮ್ಯಾಲ ನೋಡೂಣಂತ ಜಯಮಾಲಾ ಹೇಳ್ಯಾಳ."

ಸಂತೋಷಕುಮಾರ ತಲೆ ತಗ್ಗಿಸಿ "ಬರ್ತೇನ್ರಿ" ಎಂದ.

ಚಾಚಾ ಅವರಿಗೆ ಮಾತ್ರ ಒಂದೂ ತಿಳಿಯಲಿಲ್ಲ. ಕನ್ಯೆಯ ಮನೆಗೆ ಮತ್ತೆ ಕರೆದಿದ್ದಾರೆ ಎಂಬುದಷ್ಟೇ ಕಿವಿಗೆ ಬಿದ್ದು ಅವರ ಮುಖ ಅರಳಿತು. ಕಾರಿನಲ್ಲೇ ಇದ್ದ ಕೀಲಿ ತೆಗೆದು ಅವನ ಜಿಡ್ಡುಗೈಯಲ್ಲಿ ತುರುಕಿದರು.

"ಬಸ್ಸಿನ್ಯಾಗ ಯಾಕಲೇ? ಕಾರ ಒಯ್ಯಿ!"