ಬರ್ಲಿಯಾರಿನಿಂದ ಬಂದ ದುರಿಯನ್

ತೊಂಬತ್ತೆಂಟರ ಜುಲೈ. ಸೋಲೂರಿನ ಟೀ ಫ್ಯಾಕ್ಟರಿಯ ಮ್ಯಾನೇಜರ್ ಕೃಷ್ಣನ್ ಬಾಗಿಲು ಮುಚ್ಚಿಕೊಂಡು ಪಿಸುಗುಟ್ಟಿದಾಗಲೇ ಗುಮಾಸ್ತ ಲೋಕೇಶ್ ಹುಷಾರಾಗಬೇಕಿತ್ತು.

"ಬರ್ಲಿಯಾರ್ ತೋಟದಿಂದ ಒಂದು ದುರಿಯನ್ ಹಣ್ಣು ತಂದ್ಬಿಡಪ್ಪ. ಯಾರಿಗೆ ಅಂತ ಮಾತ್ರ ಬಾಯಿ ಬಿಡ್ಬೇಡ."

ಒಂದು ಹಣ್ಣಿಗೆ ಇಷ್ಟೆಲ್ಲ ಗುಟ್ಟೇಕೋ ಲೋಕೇಶನಿಗೆ ತಿಳಿಯಲಿಲ್ಲ. ಪಾಪ, ಅವನ ತಲೆ ತುಂಬ ಅದೇ ಊರಿನ ಲಿಂಗಪ್ಪನವರ ಕಿರಿಮಗಳು ರಂಜಿತಾ. ನಾಳೆಯೇ ಅವಳ ಜೊತೆ ನಿಶ್ಚಿತಾರ್ಥ!

ಹಲಸಿನಂಥ, ಗಬ್ಬು ನಾರುವ ಆ ಮುಳ್ಳುಹಣ್ಣಿನ ಚೀಲ ಹೊತ್ತು ಬರ್ಲಿಯಾರಿನಲ್ಲಿ ಬಸ್ಸು ಹತ್ತಿದ್ದೇ ತಡ, ಕಂಡಕ್ಟರ್ ಮೂಗು ಮುಚ್ಚಿಕೊಂಡ. "ಬಸ್ಸಲ್ಲಿ ಇಲಿ ಸತ್ತಿದೆಯಾ?"

ಮುಂದಿನ ಸೀಟಿನಲ್ಲಿದ್ದ ರಾಜಾಮಣಿ, ಲಿಂಗಪ್ಪನವರ ಪಕ್ಕದ ಮನೆಯಾಕೆ, ತಿರುಗಿ ಚೀಲ ಇಣುಕಿದಳು. "ಅಯ್ಯೋ, ದುರಿಯನ್! ಮಕ್ಕಳಾಗ್ದೇ ಇರೋರು ತಿನ್ನೋ ಮದ್ದಲ್ವಾ ಇದು? ಯಾರಿಗೆ ತಮ್ಮಾ?"

ಮ್ಯಾನೇಜರರ ಗುಟ್ಟು ಲೋಕೇಶನಿಗೆ ಅರ್ಥವಾದದ್ದೇ ಆಗ. "ಅದು... ಹೇಳೋಕಾಗಲ್ಲ ಅಕ್ಕಾ."

ಅಷ್ಟು ಸಾಕಾಯಿತು. ಬಸ್ಸಿನಲ್ಲಿದ್ದವರೆಲ್ಲ ವೈದ್ಯರಾದರು.

"ಬೆಳಗ್ಗೆ ಖಾಲಿ ಹೊಟ್ಟೇಲಿ ಹೆಂಡ್ತಿಗೆ ತಿನ್ಸು," ಎಂದ ಹಿಂದಿನ ಸೀಟಿನ ಮುದುಕ.

"ಖಾಲಿ ಹೊಟ್ಟೇಲಾ? ಊಟ ಆದ್ಮೇಲೆ! ಗಂಡನೂ ತಿನ್ಬೇಕು," ಎಂದಳು ಪಕ್ಕದ ಸೀಟಿನ ಕಮಲಂ.

ಯಾರ ಮಾತು ಕೇಳಬೇಕೋ ತಿಳಿಯದೆ ಲೋಕೇಶ್ ಎಲ್ಲರಿಗೂ ತಲೆಯಾಡಿಸಿದ. "ಸರಿ, ಹಾಗೇ ತಿನ್ಸ್ತೀನಿ." ರಾಜಾಮಣಿಯ ಕಣ್ಣು ದೊಡ್ಡದಾಯಿತು.

ಕುನ್ನೂರಿನಲ್ಲಿ ಕಂಡಕ್ಟರ್ ಅವನನ್ನು ಚೀಲದ ಸಮೇತ ಇಳಿಸಿಯೇಬಿಟ್ಟ. ಅಂತೂ ಇಂತೂ ಬೇರೆ ಬಸ್ಸು ಹಿಡಿದು ಸೋಲೂರು ಸೇರುವಷ್ಟರಲ್ಲಿ ರಾಜಾಮಣಿ ತಲುಪಿಯಾಗಿತ್ತು. ಬಸ್ ಸ್ಟಾಪಿನಲ್ಲಿ ಅರ್ಧ ಊರು ನಿಂತಿತ್ತು. ಮುಂದೆ ಲಿಂಗಪ್ಪ, ಹಿಂದೆ ಅಳುತ್ತಿರುವ ರಂಜಿತಾ.

"ಹೆಂಡ್ತೀನ ಎಲ್ಲಿ ಬಚ್ಚಿಟ್ಟಿದ್ದೀಯೋ?" ಲಿಂಗಪ್ಪ ಗುಡುಗಿದರು.

"ಯಾವ ಹೆಂಡ್ತಿ ಮಾವ?"

"ಎಷ್ಟು ಜನ ಇದ್ದಾರೆ ಮತ್ತೆ?"

ಲೋಕೇಶನಿಗೆ ಆಕಾಶ ಯಾವುದು, ಭೂಮಿ ಯಾವುದು ತಿಳಿಯದಾಯಿತು. ರಂಜಿತಾಳ ಕಣ್ಣೀರು ಕಂಡು ತಡೆಯಲಾರದೆ ಕಿರುಚಿದ: "ನನಗಲ್ಲ! ನಮ್ಮ ಮ್ಯಾನೇಜರ್ ಕೃಷ್ಣನ್ ಸಾರ್‌ಗೆ! ಅವ್ರಿಗೇ ಮಕ್ಕಳಿಲ್ಲ!"

ಊರೆಲ್ಲ ಕೇಳಿಸಿಕೊಂಡಿತು. ಲಿಂಗಪ್ಪ ಉಸಿರು ಬಿಟ್ಟರು. "ನಂಬಿದೆ ಕಣಪ್ಪಾ. ನೀನು ಸುಳ್ಳುಗಾರ ಅಲ್ಲ."

ಲೋಕೇಶನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಕೆಲಸ ಕೊಟ್ಟ ಸಾಹೇಬ್ರ ಮನೆ ಗುಟ್ಟನ್ನೇ ಬೀದೀಲಿ ಕೂಗೋನು ನಾಳೆ ನಮ್ಮನೇದು ಬಿಡ್ತೀಯಾ? ಹೆಣ್ಣು ಕೊಡಲ್ಲ, ಹೋಗು."

ಲೋಕೇಶ್ ಚೀಲ ಎತ್ತಲು ಹೋದ. ಅದು ಮೇಲೇಳಲಿಲ್ಲ. ಇನ್ನೊಂದು ತುದಿಯನ್ನು ಲಿಂಗಪ್ಪ ಹಿಡಿದಿದ್ದರು. ಅತ್ತಿತ್ತ ನೋಡಿ ಅವನ ಕಿವಿಯ ಹತ್ತಿರ ಬಾಗಿದರು.

"ಇದನ್ನ ಇಲ್ಲೇ ಬಿಟ್ಟು ಹೋಗು. ನಮ್ಮ ದೊಡ್ಡ ಮಗಳು ಭವ್ಯಾಗೆ ಮದ್ವೆಯಾಗಿ ಎಂಟು ವರ್ಷ ಆಯ್ತು."