‘ಎ’ ಬೇಡದ ಊರು

ರತ್ನಕ್ಕ ಟೀಚರ್ ಅಷ್ಟು ಗಟ್ಟಿಯಾಗಿ ಗಂಧ ತೇಯದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಎಂಬತ್ತಾರನೇ ಇಸವಿ, ದಸರಾ ರಜೆಯ ಹಿಂದಿನ ದಿನ, ಯಲಹಂಕದ ಪ್ರೈಮರಿ ಸ್ಕೂಲಿನಲ್ಲಿ ಆಯುಧಪೂಜೆ. ಗಂಟೆ, ಬೀರುಗಳೆಲ್ಲ ಮುಗಿದ ಮೇಲೆ ಅವರು ಕಂಪ್ಯೂಟರಿನ ಮುಂದೆ ನಿಂತರು. ಒಂದನೇ ಕ್ಲಾಸಿಗೆ ಎಬಿಸಿಡಿ ಕಲಿಸುವ ಕೈಯಲ್ಲವೇ, ‘ಮೊದಲಕ್ಷರಕ್ಕೆ ಪೂಜೆ ಆಗ್ಬೇಕು’ ಎಂದು ‘ಎ’ ಗುಂಡಿಗೆ ಧಾರಾಳವಾಗಿ ಮೆತ್ತಿದರು.

ದಸ್ತಗೀರ್ ಮೇಷ್ಟ್ರು ಬಂದು ನೋಡುವಷ್ಟರಲ್ಲಿ ಗಂಧ ಒಣಗಿ ಗುಂಡಿ ಕಚ್ಚಿಕೊಂಡಿತ್ತು. ಸ್ಕೂಲಿನಲ್ಲಿ ಕಂಪ್ಯೂಟರ್ ತರಬೇತಿ ಪಡೆದವರು ಅವರೊಬ್ಬರೇ. ಆ ಹೆಮ್ಮೆಗೆ ಅವರ ನಡಿಗೆಯೇ ಬದಲಾಗಿತ್ತು. ಮಧ್ಯಾಹ್ನ ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ನಡೆಸಿ ತೋರಿಸದಿದ್ದರೆ ಕಂಪ್ಯೂಟರು ಬೇರೆ ಶಾಲೆಗೆ ಹೋಗುತ್ತದೆಂದು ಹೇಳಿ ಕಳಿಸಿದ್ದರು.

‘ಏನ್ ಟೀಚರ್, ನನ್ ತಲೆ ಮೇಲೆ ಕಲ್ಲು ಹಾಕ್ಬಿಟ್ರಲ್ಲ.’

‘ದೇವ್ರ ಗಂಧ ಸಾರ್, ಒಳ್ಳೇದೇ ಆಗುತ್ತೆ.’

ಬಿಜಾಪುರದ ಕಡೆಯ ಡ್ರಿಲ್ ಮೇಷ್ಟ್ರು ಮುರಿಗೆಪ್ಪ ತೋಳೇರಿಸಿ ಬಂದರು. ‘ಸರೀರಿ ಸರ, ನಾ ನೋಡ್ತೀನಿ’ ಎಂದು ಕೈವಾರದ ಮೊನೆಯಿಂದ ಮೀಟಿದರು. ‘ಎ’ ಟಕ್ಕೆಂದು ಕಿತ್ತು ಅವರ ಅಂಗೈಗೆ ಬಂತು. ಅಷ್ಟರಲ್ಲಿ ಗೇಟಿನಲ್ಲಿ ಜೀಪು ನಿಂತಿತು. ಮುರಿಗೆಪ್ಪ ಗುಂಡಿಯನ್ನು ಜೇಬಿಗಿಳಿಸಿ ಅಟೆನ್ಷನ್ನಿನಲ್ಲಿ ನಿಂತರು.

‘ಊರ ಹೆಸರು ಹೊಡೀರಿ ಮೇಷ್ಟ್ರೇ, ನೋಡೋಣ’ ಎಂದರು ಸಾಹೇಬರಾದ ರಾಮಕೃಷ್ಣಪ್ಪ.

ದಸ್ತಗೀರ್ ಮೇಷ್ಟ್ರು ಮೈ ಅಡ್ಡ ಇಟ್ಟುಕೊಂಡು ಹೊಡೆದರು. ಪರದೆಯ ಮೇಲೆ ಮೂಡಿದ್ದು ವೈ, ಇ, ಎಲ್, ಎಚ್, ಎನ್, ಕೆ.

‘ಎ ಅಕ್ಷರ ಎಲ್ಲಿ ಹೋಯ್ತ್ರೀ?’

ವರ್ಷಾನುಗಟ್ಟಲೆ ಕಾಗುಣಿತ ಕಲಿಸಿದ ನಾಲಗೆ ಮೇಷ್ಟ್ರ ಕೈಬಿಡಲಿಲ್ಲ. ‘ಸಾರ್, ಇದು ಕನ್ನಡದ ಥರ ಬರಿಯುತ್ತೆ. ನಾವು ಲ ಬರೆದ್ರೆ ಪಕ್ಕದಲ್ಲಿ ಇನ್ನೊಂದು ಅ ಬರೀತೀವಾ? ಲ ಒಳಗೇ ಅ ಇರುತ್ತೆ. ಇಂಗ್ಲಿಷ್‌ನವ್ರಿಗೆ ಅದಕ್ಕೂ ಬೇರೆ ಅಕ್ಷರ ಬೇಕು, ನಮಗೆ ಬೇಡ. ಓದಿ ನೋಡಿ.’

ಸಾಹೇಬರು ಬೆರಳಿಟ್ಟು ಓದಿದರು. ‘ಯೆ... ಲ... ಹ... ನ್ಕ. ಯಲಹಂಕ.’ ಇನ್ನೊಮ್ಮೆ ಓದಿದರು. ಅವರ ಕಣ್ಣು ತುಂಬಿಬಂತು. ‘ಅಮೆರಿಕದೋರು ಬಂದು ನೋಡ್ಬೇಕು ಕಣ್ರೀ ಇದನ್ನ.’

ಮಕ್ಕಳು ಚಪ್ಪಾಳೆ ತಟ್ಟಿದರು. ತಾವು ಹೇಳಿದ ಸುಳ್ಳು ಎಲ್ಲಿ ಮುಗಿಯಿತು, ಕನ್ನಡದ ನಿಜ ಎಲ್ಲಿ ಶುರುವಾಯಿತು ಎಂದು ಮೇಷ್ಟ್ರಿಗೇ ತಿಳಿಯಲಿಲ್ಲ. ಹೆಮ್ಮೆಯಂತೂ ನಿಜವಾದದ್ದೇ.

ಸಾಹೇಬರು ಎದ್ದು ಡ್ರೈವರನ್ನು ಕರೆದರು. ‘ಕನ್ನಡ ಬರೋ ಕಂಪ್ಯೂಟರ್ ಕಣಯ್ಯ ಇದು, ಇಲ್ಲಿರೋದಲ್ಲ. ಹೆಡ್ಡಾಫೀಸಲ್ಲಿರ್ಬೇಕು. ಹುಷಾರಾಗಿ ಎತ್ತಿ ಜೀಪಲ್ಲಿಡು.’

ಮೇಷ್ಟ್ರು ಬಾಯಿ ತೆರೆದರು. ನಿಜ ಹೇಳಿದರೆ ಕೆಟ್ಟ ಮಿಷಿನ್ನೆಂದು ಹೋಗುತ್ತದೆ, ಹೇಳದಿದ್ದರೆ ಒಳ್ಳೆಯ ಮಿಷಿನ್ನೆಂದು ಹೋಗುತ್ತದೆ. ಬಾಯಿ ಮುಚ್ಚಿಕೊಂಡು ವೈರು ಸುತ್ತಿ ಕೊಟ್ಟರು.