ಐದರೊಳಗೆ ತಾಂಡೂರು

ನಾರಾಯಣಖೇಡದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಮುಕುಂದನ ಲ್ಯಾಪ್‌ಟಾಪಿಗೆ ಆ ದಿನವೇ ವೈಫೈ ಕೈಕೊಡಬೇಕೆ? ಸಂಜೆ ಐದರೊಳಗೆ ಅವನು ತಾಂಡೂರಿಗೆ ವರ್ಗ ಕೇಳಿ ಅರ್ಜಿ ಹಾಕಬೇಕಿತ್ತು. ಹೆಂಡತಿ ಸಂಪದಾ ಅಲ್ಲಿ ಬ್ಯಾಂಕಿನಲ್ಲಿದ್ದಳು. ಮದುವೆಯಾಗಿ ಮೂರು ವರ್ಷ, ಸಂಸಾರವೆಲ್ಲ ಭಾನುವಾರಗಳಲ್ಲಿ. ಅರ್ಜಿಯ ಪುಟವೋ ಕಾಲೇಜಿನ ನೆಟ್ಟಿನಲ್ಲಿ ಮಾತ್ರ ತೆರೆಯುವಂಥದ್ದು. ಪ್ರಿನ್ಸಿಪಾಲ್ ಮಾಲತೀಬಾಯಿ ಬೆಳಿಗ್ಗೆಯೇ ಹೇಳಿದ್ದರು: “ನೀವು ಕಳಸ್ರಿ, ನಾ ಒಪ್ಪಿಗಿ ಕೊಡ್ತೀನಿ. ನೀವಿದ್ರೇನು, ಹೋದ್ರೇನು!”

ಮಾತು ಚುಚ್ಚಿತು. ಆದರೂ ಮುಕುಂದನಿಗೆ ಅದು ಆಶೀರ್ವಾದದಂತೆ ಕೇಳಿಸಿತು.

“ಬಂದ್ ಮಾಡಿ ಚಾಲೂ ಮಾಡ್ರಿ,” ಎಂದರು ಗಣಿತದ ತುಳಸಿರಾಮ. ಮಾಡಿದ. “ಇನ್ನೊಮ್ಮೆ. ಈ ಸಲ ಮನಸಿಟ್ಟು ಮಾಡ್ರಿ.”

ಇಂಗ್ಲಿಷಿನ ಶಿಲ್ಪಾರಾಣಿ ಪಾಸ್‌ವರ್ಡ್ ಅಳಿಸಿ ಮತ್ತೆ ಹಾಕಿಸಿದಳು. ಏನೂ ಇಲ್ಲ. “ಎತ್ತರ ಹಿಡೀರಿ ಸರ್, ಸಿಗ್ನಲ್ ಮ್ಯಾಲಿಂದ ಬರ್ತದ.”

ಮುಕುಂದ ಮೇಜು ಹತ್ತಿ, ಲ್ಯಾಪ್‌ಟಾಪನ್ನು ನಾಮಕರಣದ ಕೂಸಿನ ಹಾಗೆ ಎತ್ತಿ ಹಿಡಿದು ಒಂದು ಸುತ್ತು ತಿರುಗಿದ. ಕಿಟಕಿಯಾಚೆ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು.

ನಾಲ್ಕೂಮುಕ್ಕಾಲಿಗೆ ಅವನು ಲ್ಯಾಪ್‌ಟಾಪ್ ಹಿಡಿದೇ ಆಫೀಸಿಗೆ ಓಡಿದ. ಅಟೆಂಡರ್ ಬೀರಣ್ಣ ಹಾಜರಿ ಪುಸ್ತಕಕ್ಕಾಗಿ ಕಬ್ಬಿಣದ ಬೀರು ತೆರೆದ. ಮುಕುಂದನ ಪರದೆಯಲ್ಲಿ ಸಿಗ್ನಲ್ಲಿನ ನಾಲ್ಕೂ ಗೆರೆ ಎದ್ದು ನಿಂತವು. ಬೀರಣ್ಣ ಬಾಗಿಲು ಮುಚ್ಚಿದ. ಗೆರೆ ಮಲಗಿದವು.

“ತೆಗಿ!” ಎದ್ದವು. “ಮುಚ್ಚು!” ಮಲಗಿದವು.

“ಒಳಗೇನದ ಬೀರಣ್ಣಾ?”

“ವೈಫೈ ಡಬ್ಬಿರಿ. ನಿನ್ನಿ ಮಂಗ್ಯಾ ಬಂದು ಜಗ್ಗಾಡಿತ್ತು. ಕುರಿ ಬಯಲಾಗ ಬಿಟ್ರ ತ್ವಾಳ ಸುಮ್ನಿರ್ತದೇನ್ರಿ? ದೊಡ್ಡಿಗಿ ಹಾಕೀನಿ. ವೈರ್ ಹೋಗಾಕ ತೂತೂ ಹೊಡದೀನಿ. ಲೈಟ್ ಉರ್ಯಾಕತ್ತಾವ ನೋಡ್ರಿ, ಜೀವ ಅದ!”

ಬೀರು ತೆರೆದೇ ಇತ್ತು; ನಾಲ್ಕು ಐವತ್ತೆಂಟಕ್ಕೆ ಅರ್ಜಿ ಹೋಯಿತು. ಮಾಲತೀಬಾಯಿ ಓಡಿ ಬಂದರು.

“ನನ್ನ ಕಂಪ್ಯೂಟರಿನಾಗೂ ನೆಟ್ ಚಾಲೂ ಆತು! ಹೈದರಾಬಾದಿನ ಮೆಕ್ಯಾನಿಕ್ ಬರಾಕ ವಾರ ಬೇಕಂದಿದ್ದ. ಯಾರ್ರಿ ಮಾಡಿದ್ದು?”

“ಮುಕುಂದ ಸರ್!” ಎಂದರು ಎಲ್ಲರೂ. ಎಲ್ಲರಿಗಿಂತ ಜೋರಾಗಿ ಬೀರಣ್ಣ.

ಬಾಯಿಯವರು ಅವನನ್ನು ಮೇಲಿಂದ ಕೆಳಗೆ, ಹೊಸದಾಗಿ ಕೊಂಡ ಎತ್ತನ್ನು ನೋಡಿದಂತೆ ನೋಡಿ, ಒಳಗೆ ಹೋದರು.

ಮುಕುಂದ ಸಂಪದಾಗೆ ಫೋನ್ ಮಾಡಿದ. “ಆತು! ಇನ್ನ ದಿನಾ ಭಾನುವಾರ!” ಅಷ್ಟರಲ್ಲಿ ಪರದೆಯ ಮೇಲೆ ಪ್ರಿನ್ಸಿಪಾಲರ ಷರಾ ಮೂಡಿತು: ತಿರಸ್ಕರಿಸಲಾಗಿದೆ. ಇವರಿಲ್ಲದೆ ಕಾಲೇಜು ನಡೆಯದು.

“ಯಾಕ್ರಿ ದನಿ ನಿಂತು ಹೋತು? ನೆಟ್‌ವರ್ಕ್ ಇಲ್ಲೇನು?” ಅಂದಳು ಸಂಪದಾ.

“ಅದ,” ಎಂದ ಮುಕುಂದ. “ನಾಲ್ಕೂ ಗೆರಿ ಅದಾವ.”